ಮೊದಲ ಮೂವತ್ತು ಸಾವಿರ ಎಲ್ಲಿಗೆ ಹೋಗಬೇಕು? ಕಲಬುರಗಿಯ ಹೊಸ ರ‍್ಯಾಪರ್‌ಗೆ ಉತ್ತರ

ಪ್ರಶ್ನೆ: ನನಗ 21 ವರ್ಷ. ಕಲಬುರಗ್ಯಾಗ ಬಿ.ಕಾಂ. ಕೊನೇ ವರ್ಷ ಓದ್ಲತ್ತೀನಿ. ಎರಡು ವರ್ಷದಿಂದ ಕನ್ನಡದಾಗ ರ‍್ಯಾಪ್ ಬರೀತೀನಿ, ನಡುನಡುವೆ ನಮ್ಮ ಓಣಿಯ ದಖ್ಖನಿ ಉರ್ದೂನೂ ಬರ್ತದ. ಕೈಯಾಗ 30,000 ರೂಪಾಯಿ ಅದ. ಒಂದು ಸ್ಟುಡಿಯೋದವರು ಅಷ್ಟು ರೊಕ್ಕಕ್ಕ ಒಂದು ಹಾಡಿನ ಆಡಿಯೋ, ವಿಡಿಯೋ ಎರಡೂ ಮಾಡಿಕೊಡ್ತೀವಿ ಅಂದಾರ. ಇನ್ನೊಂದು ಕಂಪನಿಯವರು ‘ರೊಕ್ಕ ಬ್ಯಾಡ, ಹಾಡು ನಮ್ಮ ಚಾನೆಲ್‌ಗೆ ಕೊಡು’ ಅಂತ ಎರಡು ಪುಟದ ಅಗ್ರಿಮೆಂಟ್ ವಾಟ್ಸಾಪ್‌ನಾಗ ಕಳಿಸ್ಯಾರ. ಯಾವುದು ಛಲೋ? ಗೆಳೆಯರು ‘ಬೆಂಗಳೂರು ಕನ್ನಡದಾಗ ಹಾಡು, ಇಲ್ಲಾಂದ್ರ ಯಾರೂ ಕೇಳಂಗಿಲ್ಲ’ ಅಂತಾರ. ಏನ್ ಮಾಡ್ಲಿ ಸರ್?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಒಂದೇ ಹಾಡಿನ ವಿಡಿಯೋಕ್ಕೆ ಎಲ್ಲ ರೊಕ್ಕ ಸುರಿದರೆ ಎರಡನೇ ಹಾಡಿಗೆ ಕೈ ಖಾಲಿ. ಹೊಸಬರ ಮೊದಲ ಹಾಡು ಅಪರೂಪಕ್ಕೆ ಮಾತ್ರ ಅವರ ಒಳ್ಳೆಯ ಹಾಡಾಗಿರುತ್ತದೆ. ನಾಲ್ಕನೆಯದೋ ಐದನೆಯದೋ ಆಗಿರುತ್ತದೆ. ಅಲ್ಲಿಯವರೆಗೆ ತಲುಪಲು ನಿಮ್ಮದೇ ಕೋಣೆಯಲ್ಲಿ, ಗಂಟೆ ಲೆಕ್ಕದ ಬಾಡಿಗೆ ಇಲ್ಲದೆ, ನೂರು ಸಲ ತಪ್ಪುವ ವ್ಯವಸ್ಥೆ ಬೇಕು. ರೊಕ್ಕ ಅದಕ್ಕೆ ಹೋಗಲಿ. ಅಗ್ರಿಮೆಂಟ್ ಮಾತಿಗೆ ಕೊನೆಗೆ ಬರುತ್ತೇನೆ, ಮೊದಲು ಭಾಷೆಯ ಪ್ರಶ್ನೆ.

ಚಂದನ್ ಶೆಟ್ಟಿ, ಆಲ್ ಓಕೆ, ರಾಹುಲ್ ಡಿಟೊ ಮುಂತಾದವರು ಕನ್ನಡ ರ‍್ಯಾಪನ್ನು ಮನೆಮನೆಗೆ ಮುಟ್ಟಿಸಿದರು. ಕಿವಿಗೆ ರೂಢಿಯಾದದ್ದು ಹೆಚ್ಚಾಗಿ ದಕ್ಷಿಣ ಕರ್ನಾಟಕದ ಕನ್ನಡ, ಗೆಳೆಯರ ಸಲಹೆಯ ಮೂಲ ಅದು. ಆದರೆ ತಾಳದ ಲೆಕ್ಕ ಹಾಕಿದರೆ ನಿಮ್ಮ ಮಾತಿಗೇ ಲಾಭ ಹೆಚ್ಚು. ‘ಹೋಗ್ತಾ ಇದ್ದೀನಿ’ ಎಂಬುದನ್ನು ಮಾತ್ರೆಯಲ್ಲಿ ಎಣಿಸಿ: ಹೋಗ್, ತಾ, ಇದ್, ದೀ ತಲಾ ಎರಡು, ನಿ ಒಂದು, ಒಟ್ಟು 9. ‘ಹೋಗ್ಲತ್ತೀನಿ’ ಎಂದರೆ 7. ಒಂದೇ ಕ್ರಿಯಾಪದದಲ್ಲಿ ಎರಡು ಮಾತ್ರೆ ಉಳಿತಾಯ. ಬಿಗಿಯಾದ ಸಾಲಿನಲ್ಲಿ ಎರಡು ಮಾತ್ರೆ ಎಂದರೆ ಇನ್ನೊಂದು ಪದ, ಇಲ್ಲವೇ ಒಂದು ಉಸಿರು.

ಈ ಎಣಿಕೆ ಹೊಸದೇನಲ್ಲ, ಶಾಲೆಯಲ್ಲಿ ಕಲಿತ ಲಘು-ಗುರುವೇ. ಬೀಟ್‌ನ (ಹಾಡಿನ ಹಿಂದೆ ಓಡುವ ತಾಳ-ಸಂಗೀತದ) ಒಂದು ಬಾರ್‌ನಲ್ಲಿ, ಅಂದರೆ ಒಂದು ಆವರ್ತದಲ್ಲಿ, ನಾಲ್ಕು ಪೆಟ್ಟು, ಒಂದು ಪೆಟ್ಟಿನಲ್ಲಿ ನಾಲ್ಕು ಮನೆ, ಹೀಗೆ 16 ಮನೆ. ಲಘುವಿಗೆ ಒಂದು ಮನೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ಗಣಗಳಲ್ಲಿ ನಡೆಯುವ ಶರ ಮತ್ತು ಪರಿವರ್ಧಿನಿ ಷಟ್ಪದಿಗಳ ಓಟ ಹಿಪ್-ಹಾಪ್ ಬೀಟ್ ಮೇಲೆ ನೇರವಾಗಿ ಕೂರುವುದು ಇದರಿಂದಲೇ. ಭಾಮಿನಿಯ ಮೂರು-ನಾಲ್ಕರ ನಡಿಗೆ ಹಾಗೆ ಕೂರುವುದಿಲ್ಲ, ಎರಡನೇ ಬಾರ್ ಹೊತ್ತಿಗೆ ಪೆಟ್ಟು ತಪ್ಪುತ್ತದೆ. ಒಂದು ಮಾದರಿ:

ತೊಗರಿಯ | ಹೊಲದಾಗ್ | ಬೆಳೆದಿದ್ | ಮುತ್ತು
ಬಗಲಿಗೆ | ಬುತ್ತಿ | ಅವ್ವನ | ತುತ್ತು

ಪ್ರತಿ ತುಂಡೂ ಒಂದು ಪೆಟ್ಟು, ಒಂದು ಸಾಲು ಒಂದು ಬಾರ್. ‘ಮುತ್ತು’, ‘ಬುತ್ತಿ’, ‘ತುತ್ತು’ ಮೂರೇ ಮಾತ್ರೆ, ಉಳಿದ ಒಂದು ಮನೆ ಮೌನ. ಪ್ರಾಸ ಎರಡು ಕಡೆ ಇದೆ. ಕೊನೆಯಲ್ಲಿ ‘ತ್ತು’, ಸಾಲಿನ ಎರಡನೇ ಅಕ್ಷರದಲ್ಲಿ ‘ಗ’. ಈ ಎರಡನೆಯದು ನಮ್ಮ ಹಳೆಯ ಆದಿಪ್ರಾಸ, ದ್ವಿತೀಯಾಕ್ಷರ ಪ್ರಾಸ ಅಂತಾರಲ್ಲ, ಅದು. ಇಂಗ್ಲಿಷ್, ಹಿಂದಿ ರ‍್ಯಾಪ್ ಕೇಳಿ ಕಲಿತವರು ಅಂತ್ಯಪ್ರಾಸಕ್ಕೇ ಜೋತುಬೀಳುತ್ತಾರೆ. ಕನ್ನಡದಲ್ಲಿ ಅದೇ ದೊಡ್ಡ ಬಲೆ. ನಮ್ಮ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ‘ಬರ್ತೀನಿ, ನೋಡ್ತೀನಿ, ಕುಂದರ್ತೀನಿ’ ಎಂದು ಪುಕ್ಕಟೆ ಪ್ರಾಸ ಸಿಗುತ್ತದೆ, ಎಂಟು ಸಾಲಿಗೆ ಕೇಳುವವರು ದಣಿಯುತ್ತಾರೆ. ಕ್ರಿಯಾಪದವನ್ನು ಸಾಲಿನ ನಡುವೆ ತಂದು ನಾಮಪದದಲ್ಲಿ ನಿಲ್ಲಿಸಿ. ಬರೆದ 16 ಬಾರ್‌ನಲ್ಲಿ ನಾಲ್ಕಕ್ಕಿಂತ ಹೆಚ್ಚು ಸಾಲು ‘ತೀನಿ’, ‘ತಾನ’, ‘ತದ’ದಲ್ಲಿ ಮುಗಿದರೆ ಮತ್ತೆ ಬರೆಯಿರಿ.

ವೇಗದ ಲೆಕ್ಕವೂ ಬೇಕು. 90 ಬಿಪಿಎಂ (ನಿಮಿಷಕ್ಕೆ 90 ಪೆಟ್ಟು) ಬೀಟ್‌ನಲ್ಲಿ ಸೆಕೆಂಡಿಗೆ 6 ಮಾತ್ರೆ ಓಡುತ್ತದೆ, 16 ಬಾರ್ ಸುಮಾರು 43 ಸೆಕೆಂಡ್. 140ರ ಡ್ರಿಲ್ (ವೇಗದ ಒಂದು ಬಗೆ) ಬೀಟ್‌ನಲ್ಲಿ ಎಲ್ಲ ಮನೆ ತುಂಬಲು ಹೊರಟರೆ ಸೆಕೆಂಡಿಗೆ 9 ದಾಟುತ್ತದೆ. ‘ಸ್ತ್ರ’, ‘ಷ್ಟ’, ‘ಕ್ಷ್ಯ’ದಂಥ ಒತ್ತಕ್ಷರ ಅಲ್ಲಿ ನಾಲಿಗೆಗೆ ಸಿಕ್ಕಿಬೀಳುತ್ತವೆ. ಮೊದಲ ಮೂರು ಹಾಡು 85ರಿಂದ 95ರೊಳಗೆ ಇರಲಿ. ಉಸಿರಿನ ಜಾಗವನ್ನು ಬರೆಯುವಾಗಲೇ ಗುರುತಿಸಿ: ಮೇಲಿನ ಸಾಲಿನ ಕೊನೆಯ ಒಂದು ಮಾತ್ರೆ ಎಂದರೆ ಸೆಕೆಂಡಿನ ಆರನೇ ಒಂದು ಭಾಗ, ಅದರಲ್ಲಿ ಗುಟುಕು ಉಸಿರಷ್ಟೇ ಸಿಗುತ್ತದೆ. ನಾಲ್ಕು ಬಾರ್‌ಗೊಮ್ಮೆ ಮೂರು-ನಾಲ್ಕು ಮಾತ್ರೆ ಖಾಲಿ ಬಿಡಿ. ಬಿಡದಿದ್ದರೆ ಕೋಣೆಯಲ್ಲಿ ತುಂಡುತುಂಡಾಗಿ ರೆಕಾರ್ಡ್ ಮಾಡಿ ಪಾರಾಗಬಹುದು, ವೇದಿಕೆಯಲ್ಲಿ ಸಿಕ್ಕಿಬೀಳುತ್ತೀರಿ.

ದಖ್ಖನಿ ಬೆರೆಸುವ ಬಗ್ಗೆ ಸಂಕೋಚ ಬೇಡ. ಇದು ಬಂದೇನವಾಜ್ ದರ್ಗಾದ ಊರು, ಶರಣಬಸವೇಶ್ವರರ ಊರು. ಮೊಹರಂ ಪದಗಳನ್ನು ಎರಡೂ ಕಡೆಯವರು ಹಾಡುವ ಸೀಮೆ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರೂ ಇದ್ದರು, ತತ್ವಪದವನ್ನು ಕನ್ನಡದಲ್ಲೇ ಹಾಡಿದರು. ಒಂದು ಎಚ್ಚರ ಸಾಕು: ಭಾಷೆ ಬದಲಾಗುವುದು ಬಾರ್‌ನ ಆರಂಭದಲ್ಲಿ ಆಗಲಿ. ಸಾಲಿನ ನಡುವೆ ಹೊರಳಿದರೆ ಎರಡೂ ಭಾಷೆಯವರಿಗೆ ಆ ಅರ್ಧ ಸಾಲು ಕೈತಪ್ಪುತ್ತದೆ. ಇನ್ನು ಇಬ್ಬರು ಎದುರುಬದುರು ನಿಂತು ಸೆಣಸುವ ಬ್ಯಾಟಲ್ ರ‍್ಯಾಪ್ ಕಲಿಯಬೇಕೆಂದರೆ ನ್ಯೂಯಾರ್ಕ್‌ನ ವಿಡಿಯೋಗಳ ಜೊತೆಗೆ ಹರದೇಶಿ-ನಾಗೇಶಿ ಲಾವಣಿ ಮೇಳಗಳ ಸವಾಲ್-ಜವಾಬನ್ನೂ ಒಂದು ರಾತ್ರಿ ಕುಳಿತು ಕೇಳಿ. ಎದುರಾಳಿಯ ಕೊನೆಯ ಪದವನ್ನೇ ಹಿಡಿದು ಮೇಲೇಳುವ ಕಸುಬು ಅಲ್ಲಿ ಇನ್ನೂ ಜೀವಂತ ಇದೆ.

ಈಗ ಕೋಣೆ. ನಿಮ್ಮ ಶತ್ರು ಶಹಾಬಾದ್ ಫರಸಿ. ಕಲ್ಲಿನ ನೆಲ, ಬೋಳು ಗೋಡೆ ಇದ್ದಲ್ಲಿ ದನಿ ಪುಟಿದು ಪುಟಿದು ಮೈಕ್‌ಗೆ ಬಂದು ಹಾಡು ಬಚ್ಚಲ ಮನೆಯಲ್ಲಿ ಹಾಡಿದಂತೆ ಕೇಳುತ್ತದೆ. ಒಮ್ಮೆ ರೆಕಾರ್ಡ್ ಆದ ಆ ಗುಂಗನ್ನು ಯಾವ ಸಾಫ್ಟ್‌ವೇರ್ ಕೂಡ ಪೂರ್ತಿ ತೆಗೆಯಲಾರದು. ಅಂಗಡಿಯ ಫೋಮ್ ಹಾಳೆಗೆ ರೊಕ್ಕ ಹಾಕಬೇಡಿ, ಅಜ್ಜಿಯ ಕೌದಿ ಅದಕ್ಕಿಂತ ದಟ್ಟ. ಎರಡು ಕೌದಿ ನಿಮ್ಮ ಬೆನ್ನ ಹಿಂದೆ, ಒಂದೊಂದು ಎಡಬಲಕ್ಕೆ, ಗೋಡೆಯಿಂದ ಒಂದು ಗೇಣು ಬಿಟ್ಟು ಹಗ್ಗಕ್ಕೆ ತೂಗುಹಾಕಿ, ನೆಲಕ್ಕೆ ಜಮಖಾನ. ಬೆನ್ನ ಹಿಂದೆ ಏಕೆಂದರೆ, ಕಾರ್ಡಿಯಾಯ್ಡ್ ಮೈಕ್ ಎದುರಿನಿಂದ ಬರುವ ದನಿಯನ್ನು ಹಿಡಿಯುತ್ತದೆ, ನಿಮ್ಮ ಹಿಂದಿನ ಗೋಡೆಯೇ ಅದರ ಎದುರಿಗಿರುತ್ತದೆ. ಬಹಳ ಮಂದಿ ಮೈಕ್‌ನ ಹಿಂದೆ ಹೊದಿಸಿ ತಮ್ಮ ಹಿಂದೆ ಬೋಳು ಬಿಡುತ್ತಾರೆ.

ಮೇ ತಿಂಗಳ ನಮ್ಮ ಬಿಸಿಲಿನಲ್ಲೂ ರೆಕಾರ್ಡಿಂಗ್ ಹೊತ್ತಿಗೆ ಫ್ಯಾನ್, ಕೂಲರ್ ಬಂದ್ ಆಗಬೇಕು. ಬೆಳಗಿನ ಜಾವ ನಾಲ್ಕರಿಂದ ಆರು ಒಳ್ಳೆಯ ಸಮಯ, ಸೆಕೆಯೂ ಕಡಿಮೆ, ಆಟೋ ಸದ್ದೂ ಕಡಿಮೆ. ಓಣಿಯ ಗದ್ದಲ ತಪ್ಪದಿದ್ದರೆ ಕಂಡೆನ್ಸರ್ ಮೈಕ್ ಬೇಡ, ಅದು ಪಕ್ಕದ ಮನೆಯ ಕುಕ್ಕರ್ ಸೀಟಿಯನ್ನೂ ಬಿಡುವುದಿಲ್ಲ. ಡೈನಾಮಿಕ್ ಮೈಕ್ ಹತ್ತಿರದ ದನಿಯನ್ನಷ್ಟೇ ಚೆನ್ನಾಗಿ ಹಿಡಿಯುತ್ತದೆ, ವೇದಿಕೆಗೂ ಅದೇ ಆಗುತ್ತದೆ.

ಅಂದಾಜು ಹಂಚಿಕೆ ಹೀಗಿರಲಿ; ಅಂಗಡಿಯಿಂದ ಅಂಗಡಿಗೆ ನೂರಿನ್ನೂರು ಹೆಚ್ಚುಕಡಿಮೆ ಆದೀತು. ಡೈನಾಮಿಕ್ ಮೈಕ್‌ಗೆ 4,000, ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್‌ಗೆ 7,000, ಕಿವಿ ಪೂರ್ತಿ ಮುಚ್ಚುವ ವೈರ್ ಹೆಡ್‌ಫೋನ್‌ಗೆ 2,500, ಸ್ಟ್ಯಾಂಡ್, ಕೇಬಲ್, ಉಸಿರು ಮೈಕ್‌ಗೆ ಬಡಿಯದಂತೆ ತಡೆಯುವ ಪಾಪ್ ಫಿಲ್ಟರ್‌ಗೆ 2,000. ಎರಡು ಬೀಟ್‌ಗೆ 5,000. ಎರಡು ಹಾಡಿನ ಮಿಕ್ಸಿಂಗ್‌ಗೆ (ದನಿ, ಬೀಟ್ ಹದವಾಗಿ ಬೆರೆಸುವುದಕ್ಕೆ) 6,000. ಹಾಡನ್ನು ಆ್ಯಪ್‌ಗಳಿಗೆ ಮುಟ್ಟಿಸುವ ಡಿಸ್ಟ್ರಿಬ್ಯೂಟರ್‌ಗೆ 1,500. ಉಳಿದ 2,000 ತೆಗೆದಿಡಿ, ಕೇಬಲ್ ಯಾವತ್ತೂ ಬೇಕಾದ ದಿನವೇ ಕೈಕೊಡುತ್ತದೆ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡ್ ಮಾಡಬೇಡಿ. ಬೀಟ್ ನಿಮ್ಮ ಕಿವಿಗೆ ತಡವಾಗಿ ಬರುತ್ತದೆ, ನೀವು ತಾಳಕ್ಕೆ ಸರಿಯಾಗಿ ಹಾಡಿದರೂ ಫೈಲ್‌ನಲ್ಲಿ ಹಿಂದೆ ಬಿದ್ದಿರುತ್ತದೆ.

ರೆಕಾರ್ಡಿಂಗ್ ಸೆಟ್ಟಿಂಗ್: 48 ಕಿಲೋಹರ್ಟ್ಜ್, 24 ಬಿಟ್. ಬಾಯಿಯಿಂದ ಮೈಕ್‌ಗೆ ಒಂದು ಗೇಣಿಗಿಂತ ಕಡಿಮೆ, 8ರಿಂದ 12 ಸೆಂ.ಮೀ. ಅತಿ ಜೋರಾದ ಸಾಲು ಹೇಳುವಾಗ ಮೀಟರ್ ಮೈನಸ್ 10 ಡಿಬಿ (ಡೆಸಿಬಲ್) ಆಸುಪಾಸು ನಿಲ್ಲುವಂತೆ ಗೇನ್, ಅಂದರೆ ದನಿ ಏರಿಳಿಸುವ ಗುಂಡಿ, ತಿರುಗಿಸಿ. ಕೆಂಪು ದೀಪ ಮುಟ್ಟಿದ ಟೇಕ್ ಕೆಟ್ಟಿತು, ಅದನ್ನು ಉಳಿಸಲು ಕೂರಬೇಡಿ. ಮುಖ್ಯ ದನಿ ಒಂದು ಟ್ರ್ಯಾಕ್. ಪ್ರಾಸದ ಪದಗಳಿಗಷ್ಟೇ ಎರಡನೇ ಸಲ ಹಾಡಿದ ಡಬಲ್, ಅದು ಮುಖ್ಯ ದನಿಗಿಂತ 6ರಿಂದ 8 ಡಿಬಿ ಕೆಳಗೆ. ಡಬಲ್ ಬೇಕೆಂದು ಅದೇ ಟೇಕನ್ನು ಕಾಪಿ ಮಾಡಿ ಅಂಟಿಸಿದರೆ ದನಿ ದಪ್ಪ ಆಗುವುದಿಲ್ಲ, ಬರೀ ಜೋರಾಗುತ್ತದೆ. ಮಿಕ್ಸಿಂಗ್ ಕಲಿಯಲು ರೀಪರ್ ಸಾಫ್ಟ್‌ವೇರ್ ಅಥವಾ ಉಚಿತವಾದ ಬ್ಯಾಂಡ್‌ಲ್ಯಾಬ್ ಸಾಕು: 80-100 ಹರ್ಟ್ಜ್‌ಗಿಂತ ಕೆಳಗಿನ ಗುಂಯ್ ಸದ್ದು ಕತ್ತರಿಸಿ, ಜೋರು-ಮೆಲು ದನಿಯ ಅಂತರ ತಗ್ಗಿಸುವ ಕಂಪ್ರೆಸರ್ 3:1ರಿಂದ 4:1, 5ರಿಂದ 8 ಕಿಲೋಹರ್ಟ್ಜ್ ನಡುವೆ ‘ಸ’, ‘ಶ’ ಚುಚ್ಚಿದರೆ ಅದನ್ನು ತಗ್ಗಿಸುವ ಡಿ-ಎಸ್ಸರ್. ಬಿಡುಗಡೆಯ ಹಾಡಿನ ಕೊನೆಯ ಮಿಕ್ಸ್ ಮಾತ್ರ ಕೈಪಳಗಿದವರಿಗೆ ಕೊಡಿ. ಅವರು ಬೆಂಗಳೂರಿನಲ್ಲೇ ಇರಬೇಕೆಂದಿಲ್ಲ. ಎದುರು ಕುಳಿತು ಮಾಡಿಸಬೇಕೆಂದರೆ ನಮಗೆ ಹೈದರಾಬಾದ್ ಬೆಂಗಳೂರಿನ ಅರ್ಧ ದೂರವೂ ಇಲ್ಲ.

ಬೀಟ್ ವಿಷಯಕ್ಕೆ ಬಂದರೆ, ಹೊಸಬರು ಹೆಚ್ಚು ಏಟು ತಿನ್ನುವುದು ಇಲ್ಲೇ. ಯೂಟ್ಯೂಬ್‌ನಲ್ಲಿ ‘ಫ್ರೀ ಬೀಟ್’ ಎಂದಿದ್ದರೆ ಬಹುಪಾಲು ಅದು ಅಭ್ಯಾಸಕ್ಕೆ, ಗಳಿಕೆಗಲ್ಲ. ಹಾಡು ಓಡಿದ ಮೇಲೆ ಬೀಟ್‌ನ ಒಡೆಯ ಕ್ಲೇಮ್ ಹಾಕಿದರೆ ಗಳಿಕೆ ಅವನದು, ಹಟ ಹಿಡಿದರೆ ಹಾಡೇ ಕೆಳಗಿಳಿಯುತ್ತದೆ. ಲೀಸ್ (ಬೀಟ್ ಬಳಸುವ ಹಕ್ಕಷ್ಟೇ, ಒಡೆತನವಲ್ಲ) ಕೊಂಡಾಗ ಮೂರು ವಿಷಯ ಓದಿ: ಎಷ್ಟು ಸ್ಟ್ರೀಮ್‌ವರೆಗೆ, ಎಷ್ಟು ವರ್ಷ, ಯೂಟ್ಯೂಬ್ ಕಂಟೆಂಟ್ ಐಡಿಗೆ (ಹಾಡು ಬೇರೆಡೆ ಬಳಕೆಯಾದರೆ ತಾನೇ ಪತ್ತೆಹಚ್ಚುವ ವ್ಯವಸ್ಥೆಗೆ) ಹಾಕಬಹುದೇ. ಲೀಸ್ ಬೀಟ್ ಒಂದನ್ನೇ ಹತ್ತಾರು ಮಂದಿಗೆ ಮಾರಿರುತ್ತಾರೆ, ಆದ್ದರಿಂದ ಅದನ್ನು ಕಂಟೆಂಟ್ ಐಡಿಗೆ ಸೇರಿಸಿದರೆ ಬೇರೆಯವರ ಹಾಡಿಗೆ ನಿಮ್ಮ ಹೆಸರಿನಲ್ಲಿ ಕ್ಲೇಮ್ ಹೋಗಿ ತಕರಾರು ಏಳುತ್ತದೆ. ಡಿಸ್ಟ್ರಿಬ್ಯೂಟರ್ ಫಾರ್ಮ್‌ನಲ್ಲಿ ಆ ಟಿಕ್ ತೆಗೆಯಿರಿ. ರಸೀದಿ, ಲೈಸೆನ್ಸ್ ಪಿಡಿಎಫ್, ಮಾತಾಡಿದ ಚಾಟ್ ಮೂರನ್ನೂ ಒಂದೇ ಫೋಲ್ಡರ್‌ನಲ್ಲಿಡಿ.

ಇದಕ್ಕಿಂತ ಮೇಲು, ಊರಲ್ಲೇ ಬೀಟ್ ಮಾಡುವ ಹುಡುಗನ ಜೊತೆ ಸೇರುವುದು. ಹಾಡು ಮುಗಿದ ದಿನವೇ ಒಂದು ಹಾಳೆಯಲ್ಲಿ ಸಾಹಿತ್ಯ ಯಾರದು, ಸಂಗೀತ ಯಾರದು, ಪಾಲು ಎಷ್ಟು ಎಂದು ಬರೆದು ಇಬ್ಬರೂ ಸಹಿ ಹಾಕಿ. ಅರ್ಧರ್ಧ ಎಂಬುದು ರೂಢಿ. ಗೆಳೆತನ ಇದ್ದಾಗ ಇದು ಐದು ನಿಮಿಷದ ಕೆಲಸ, ಹಾಡು ಓಡಿದ ಮೇಲೆ ಐದು ತಿಂಗಳ ಜಗಳ.

ಊರಿನ ನಾದ ಬೇಕೆಂದು ಹಲಗಿ, ದಿಮ್ಮು, ಏಕತಾರಿ ಬಳಸುವ ಆಸೆ ಹುಟ್ಟಿದರೆ ಬಹಳ ಒಳ್ಳೆಯದು, ಆದರೆ ಹಳೆಯ ಕ್ಯಾಸೆಟ್ಟಿನಿಂದ ಎತ್ತಬೇಡಿ. ಮಡಿವಾಳಪ್ಪನವರ ಪದ, ಶರಣರ ವಚನ ಯಾರ ಸ್ವತ್ತೂ ಅಲ್ಲ; ಅದನ್ನು ಹಾಡಿದ ಇವತ್ತಿನ ಗಾಯಕರ ಧ್ವನಿಮುದ್ರಣಕ್ಕೆ ಒಡೆಯರಿದ್ದಾರೆ, ಹೊಸದಾಗಿ ಹಾಕಿದ ರಾಗಕ್ಕೂ ಇದ್ದಾರೆ. ‘ಏಳು ಸೆಕೆಂಡ್‌ವರೆಗೆ ಫ್ರೀ’ ಎಂಬುದು ಬರೀ ಗಾಳಿಮಾತು. ಬಾರಿಸುವವರನ್ನೇ ಕರೆದು ಸಂಭಾವನೆ ಕೊಟ್ಟು, ಒಪ್ಪಿಗೆ ಬರೆಸಿಕೊಂಡು ಹೊಸದಾಗಿ ರೆಕಾರ್ಡ್ ಮಾಡಿ. ಚರ್ಮದ ಹಲಗಿಯನ್ನು ಬೆಂಕಿಗೆ ಹಿಡಿದು ಕಾಯಿಸಿದ ಮೇಲೆ ದನಿ ಏರುತ್ತದೆ, ಆರುತ್ತ ಹೋದಂತೆ ಇಳಿಯುತ್ತದೆ. ಅರ್ಧ ಗಂಟೆ ರೆಕಾರ್ಡ್ ಮಾಡಿ ತುಂಡುಗಳನ್ನು ಜೋಡಿಸಿದರೆ ಒಂದೊಂದು ಪೆಟ್ಟೂ ಒಂದೊಂದು ಶ್ರುತಿಯಲ್ಲಿರುತ್ತದೆ. ಕಾಯಿಸಿದ ಕೂಡಲೇ ಎರಡು-ಮೂರು ನಿಮಿಷದೊಳಗೆ ಎಂಟು ಬಾರ್ ಹಿಡಿದುಬಿಡಿ, ಮೈಕ್ ಒಂದು ಮೀಟರ್ ದೂರ ಇರಲಿ.

ಬಿಡುಗಡೆ ಅಷ್ಟು ಕಷ್ಟದ್ದಲ್ಲ, ಅವಸರ ಮಾಡದಿದ್ದರೆ. ಮೊದಲು ಹೆಸರು. ನೀವಿಟ್ಟುಕೊಂಡ ಹೆಸರನ್ನು ಸ್ಪಾಟಿಫೈ, ಯೂಟ್ಯೂಬ್‌ನಲ್ಲಿ ಹುಡುಕಿ. ಅದೇ ಹೆಸರಿನವರಿದ್ದರೆ ನಿಮ್ಮ ಹಾಡು ಅವರ ಪುಟಕ್ಕೆ ಹೋಗಿ ಕೂರುತ್ತದೆ. ಕಾಗುಣಿತ ಎಲ್ಲ ಕಡೆ ಒಂದೇ ಇರಲಿ. ಚಿತ್ರ 3000×3000 ಪಿಕ್ಸೆಲ್. ಹಾಡನ್ನು ನಾಲ್ಕು ವಾರ ಮುಂಚೆ ಡಿಸ್ಟ್ರಿಬ್ಯೂಟರ್‌ಗೆ ಏರಿಸಿ. ಸ್ಪಾಟಿಫೈನ ಸಂಪಾದಕರ ಪ್ಲೇಲಿಸ್ಟ್‌ಗೆ ಅರ್ಜಿ ಹಾಕಲು ಬಿಡುಗಡೆಗೆ ಕನಿಷ್ಠ 7 ದಿನ ಬಾಕಿ ಇರಬೇಕು. ಭಾಷೆ ‘ಕನ್ನಡ’ ಎಂದೇ ಆರಿಸಿ, ಹಿಂದಿ ಎಂದು ಹಾಕಿದರೆ ಹೆಚ್ಚು ಕೇಳುತ್ತಾರೆ ಎಂಬ ಜಾಣತನ ತಿರುಗಿ ಬಡಿಯುತ್ತದೆ. 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸ್ಟ್ರೀಮ್, ಹಾಗಾಗಿ ಅರ್ಧ ನಿಮಿಷದ ಪೀಠಿಕೆ ಸಂಗೀತ ಬೇಡ. 8-10 ಸೆಕೆಂಡಿಗೆ ನಿಮ್ಮ ದನಿ ಬರಲಿ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಆಗದ ಹಾಡಿಗೆ ದುಡ್ಡಿಲ್ಲ. ಯೂಟ್ಯೂಬ್‌ನ ಜಾಹೀರಾತಿನ ಪಾಲಿಗೆ 1,000 ಚಂದಾದಾರರ ಜೊತೆಗೆ ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ. ಮೊದಲ ವರ್ಷ ಇವುಗಳಿಂದ ಫೀಸು ಕಟ್ಟುವಷ್ಟು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಬಿ.ಕಾಂ. ಮುಗಿಸಿ. ವ್ಯೂಸ್ ಮಾರುವವರಿಗಂತೂ ಒಂದು ಪೈಸೆ ಕೊಡಬೇಡಿ. ನಕಲಿ ಸ್ಟ್ರೀಮ್ ಪತ್ತೆಯಾದರೆ ಹಾಡನ್ನೇ ತೆಗೆದುಹಾಕುತ್ತಾರೆ.

ವಿಡಿಯೋ ಬೇಕೇ ಬೇಕೆಂದರೆ ಸಾಹಿತ್ಯ ಮೂಡುವ ಲಿರಿಕ್ ವಿಡಿಯೋ ಸಾಕು, ಕನ್ನಡ ಅಕ್ಷರದಲ್ಲಿ, ಕಾಗುಣಿತ ತಪ್ಪಿಲ್ಲದೆ. ಫೋನ್‌ನಲ್ಲಿ ಚಿತ್ರೀಕರಿಸುವಾಗ ಟ್ಯೂಬ್‌ಲೈಟ್ ಮಿಣುಕಿದರೆ ಶಟರ್ 1/50 ಅಥವಾ 1/100 ಇಡಿ, ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು. ಕಲಬುರಗಿ ಕೋಟೆ, ಬೀದರ್ ಕೋಟೆ ಎರಡೂ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳು, ಟ್ರೈಪಾಡ್ ಹೊತ್ತು ಹೋಗುವ ಮುನ್ನ ಅನುಮತಿ ಪಡೆಯಿರಿ.

ವೇದಿಕೆ ಇಲ್ಲೇ ಇದೆ: ಕಾಲೇಜಿನ ಗ್ಯಾದರಿಂಗ್, ಗಣಪತಿ ಪೆಂಡಾಲ್, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಕಾರ್ಯಕ್ರಮಗಳು. ಹದಿನೈದು ನಿಮಿಷಕ್ಕೆ ನಾಲ್ಕು ಹಾಡು ಸಾಕು. ಮುಖ್ಯ ದನಿ ತೆಗೆದ ಟ್ರ್ಯಾಕನ್ನು ಪೆನ್‌ಡ್ರೈವ್ ಮತ್ತು ಫೋನ್ ಎರಡರಲ್ಲೂ ಒಯ್ಯಿರಿ, ಫೋನ್ ಫ್ಲೈಟ್ ಮೋಡ್‌ನಲ್ಲಿರಲಿ, ಹಾಡಿನ ನಡುವೆ ಮನೆಯಿಂದ ಫೋನ್ ಬಂದು ಇಡೀ ಮೈದಾನಕ್ಕೆ ರಿಂಗ್ ಕೇಳಿಸುವುದು ಬೇಡ. ಸೌಂಡ್ ಸಿಸ್ಟಂನವರು ರೂಢಿಯಂತೆ ಎಕೋ ತುಂಬಿ ಇಟ್ಟಿರುತ್ತಾರೆ, ಭಾವಗೀತೆಗೆ ಅದು ಸೈ; ರ‍್ಯಾಪ್‌ಗೆ ಹಾಕಿದರೆ ಪದದ ಮೇಲೆ ಪದ ಬಿದ್ದು ಒಂದೂ ತಿಳಿಯದು. ‘ಅಣ್ಣಾರ, ಎಕೋ ಪೂರ್ತಿ ತೆಗೀರಿ’ ಎಂದು ಮೊದಲೇ ಕೇಳಿಕೊಳ್ಳಿ. ಮೈಕ್‌ನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವ ಸ್ಟೈಲ್ ಬಿಡಿ: ಮುಚ್ಚಿದರೆ ಮೈಕ್ ಸುತ್ತಲ ದನಿಯನ್ನೆಲ್ಲ ಹಿಡಿಯತೊಡಗುತ್ತದೆ, ಸ್ಪೀಕರ್ ಕುಂಯ್ ಎನ್ನುತ್ತದೆ. ನಿಮ್ಮ ಸರದಿಯನ್ನು ಕೊನೆಗೆ ಇಟ್ಟಿದ್ದರೆ ಸಮಯ ಕೇಳಿ, ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕೆಂಬುದು ನಿಯಮ. ಭಾಷಣ ಉದ್ದವಾದರೆ ಕತ್ತರಿ ಬೀಳುವುದು ನಿಮ್ಮ ಹಾಡಿಗೇ.

ಇನ್ನು ಆ ಎರಡು ಪುಟ. ‘ರೊಕ್ಕ ಬ್ಯಾಡ’ ಎಂದರೆ ಬೆಲೆ ಇಲ್ಲ ಎಂದಲ್ಲ, ಬೆಲೆಯಾಗಿ ಹಾಡನ್ನೇ ಕೇಳುತ್ತಿದ್ದಾರೆ. ಇಂಥ ಕಾಗದದಲ್ಲಿ ಹುಡುಕಬೇಕಾದ ಪದಗಳು ‘ಶಾಶ್ವತವಾಗಿ’, ‘ಜಗತ್ತಿನಾದ್ಯಂತ’, ‘ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮ’, ‘ಕಲಾವಿದನ ಮುಂದಿನ ಇಷ್ಟು ಹಾಡುಗಳು’. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು, ನೀವಿನ್ನೂ ಬರೆಯದ ಹಾಡನ್ನೂ ಕಟ್ಟಿಹಾಕುತ್ತದೆ. ಹಕ್ಕುಸ್ವಾಮ್ಯ ಕಾಯ್ದೆ, 1957ರ ಪ್ರಕಾರ ಹಕ್ಕು ಕೈಬದಲಾಗಲು ಬರವಣಿಗೆ ಮತ್ತು ಸಹಿ ಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಎಂದೂ ತಿಳಿಯಬೇಕೆಂದು ಕಲಂ 19 ಹೇಳುತ್ತದೆ. ‘ಶಾಶ್ವತವಾಗಿ’ ಎಂದು ಬರೆದು ಸಹಿ ಮಾಡಿದರೆ ಆ ರಕ್ಷಣೆಯನ್ನು ನೀವೇ ಬಿಟ್ಟುಕೊಟ್ಟಂತೆ. ಒಂದು ಹಕ್ಕನ್ನು ಮಾತ್ರ ನೀವು ಬಿಟ್ಟುಕೊಡುತ್ತೇನೆಂದರೂ ಕಾಯ್ದೆ ಬಿಡದು. 2012ರ ತಿದ್ದುಪಡಿಯ ನಂತರ ಗೀತರಚನೆಕಾರ, ಸಂಗೀತಕಾರರ ರಾಯಲ್ಟಿ ಪಾಲನ್ನು ಕಂಪನಿ ಬರೆಸಿಕೊಳ್ಳುವಂತಿಲ್ಲ. ವಾರಸುದಾರರಿಗೆ ಇಲ್ಲವೇ ಹಕ್ಕುಸ್ವಾಮ್ಯ ಸಂಘಕ್ಕೆ ಮಾತ್ರ ಕೊಡಬಹುದು. ಆ ಸಂಘ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ). ಎರಡು-ಮೂರು ಹಾಡು ಹೊರಬಂದ ಮೇಲೆ ಸಾಹಿತ್ಯದ ಲೇಖಕರಾಗಿ ಅಲ್ಲಿ ಸದಸ್ಯರಾಗಿ, ಪ್ರತಿ ಹಾಡನ್ನೂ ನೋಂದಾಯಿಸಿ.

ಕಂಪನಿಯವರ ಜೊತೆ ಜಗಳ ಬೇಡ, ಮುಂದೊಂದು ದಿನ ಬೇಕಾದಾರು. ಈ ಮೂರು ಸಾಲು ವಾಟ್ಸಾಪ್ ಮಾಡಿ: ‘ಈ ಒಂದು ಹಾಡಿಗೆ ಮಾತ್ರ, ನಿಮ್ಮ ಯೂಟ್ಯೂಬ್ ಚಾನೆಲ್‌ಗೆ ಮಾತ್ರ, 2 ವರ್ಷಕ್ಕೆ ಕೊಡುತ್ತೇನೆ. ಧ್ವನಿಮುದ್ರಣದ ಒಡೆತನ ಮತ್ತು ಉಳಿದ ಆ್ಯಪ್‌ಗಳ ಬಿಡುಗಡೆ ನನ್ನದು. ಆರು ತಿಂಗಳಿಗೊಮ್ಮೆ ವೀಕ್ಷಣೆ ಮತ್ತು ಗಳಿಕೆಯ ಲೆಕ್ಕ ಲಿಖಿತವಾಗಿ ಬೇಕು.’ ಒಪ್ಪಿದರೆ ತಿದ್ದಿದ ಕಾಗದವನ್ನು ವಕೀಲರೊಬ್ಬರಿಗೆ ತೋರಿಸಿ ಸಹಿ ಹಾಕಿ, ಸಹಿಯಾದ ಒಂದು ಪ್ರತಿ ನಿಮ್ಮ ಕೈಗೆ ಬರಲಿ. ಉತ್ತರವೇ ಬಾರದಿದ್ದರೆ ಸುಮ್ಮನಿರಿ, ಕೌದಿ ಕಟ್ಟಲು ಹಗ್ಗ ತನ್ನಿ.